ಫ್ಯಾನ್ ತಿರುಗುತ್ತಿದೆ, ಆದರೆ ಗಾಳಿಗೆ ನೇರವಾಗಿ ನಿಂತಿದೆಯೇ? ಕೆಲವೇ ಡಿಗ್ರಿ ಓರೆಯಾದರೂ ಲಕ್ಷಾಂತರ ರೂಪಾಯಿ ನಷ್ಟ

ಮುಂಬೈ-ಬೆಂಗಳೂರು ಹೆದ್ದಾರಿಯಲ್ಲಿ ಚಿತ್ರದುರ್ಗ ದಾಟುವಾಗ ಗುಡ್ಡದ ಸಾಲಿನ ಮೇಲೆ ನಿಂತ ಗಾಳಿ ಫ್ಯಾನ್‌ಗಳನ್ನು ಬಸ್ಸಿನ ಕಿಟಕಿಯಿಂದ ನೋಡದವರು ಕಡಿಮೆ. ದೂರದಿಂದ ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ತಿರುಗುತ್ತಿರುವಂತೆ ಕಾಣುತ್ತವೆ. ಅವುಗಳಲ್ಲಿ ಒಂದು ಗಾಳಿಗೆ ಎಂಟು-ಹತ್ತು ಡಿಗ್ರಿ ಓರೆಯಾಗಿ ನಿಂತಿದ್ದರೆ ಕೆಳಗಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ. ವಿಚಿತ್ರವೆಂದರೆ, ಆ ಫ್ಯಾನ್‌ಗೂ ಅದು ಗೊತ್ತಾಗುವುದಿಲ್ಲ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ ಎಂಬ ಹಸಿರು ಗುರುತೇ ಇರುತ್ತದೆ. ಯಾವ ಅಲಾರಂ ಕೂಡ ಬಾರಿಸುವುದಿಲ್ಲ. ವಿದ್ಯುತ್ ಮಾತ್ರ ಪ್ರತಿದಿನ ಸ್ವಲ್ಪ ಸ್ವಲ್ಪವೇ ಕಡಿಮೆ ಬರುತ್ತಿರುತ್ತದೆ.

ಇದು ಕರ್ನಾಟಕಕ್ಕೆ ಸಣ್ಣ ವಿಷಯವೇನಲ್ಲ. 2024-25ರಲ್ಲಿ ಹೊಸ ಪವನ ವಿದ್ಯುತ್ ಸಾಮರ್ಥ್ಯ ಸೇರಿಸುವುದರಲ್ಲಿ ದೇಶಕ್ಕೇ ಮೊದಲ ಸ್ಥಾನದಲ್ಲಿದ್ದುದು ಕರ್ನಾಟಕ. ಆ ಒಂದೇ ವರ್ಷ ರಾಜ್ಯದಲ್ಲಿ 1,331 ಮೆಗಾವ್ಯಾಟ್ ಸೇರಿತು. ರಾಜ್ಯದ ಒಟ್ಟು ಸಾಮರ್ಥ್ಯ 7,300 ಮೆಗಾವ್ಯಾಟ್ ದಾಟಿತು. ಚಿತ್ರದುರ್ಗ, ಗದಗ, ದಾವಣಗೆರೆ, ಬಳ್ಳಾರಿ, ಕೊಪ್ಪಳ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಬಯಲು ಮತ್ತು ಗುಡ್ಡಗಳಲ್ಲಿ ಈ ಯಂತ್ರಗಳು ಹರಡಿಕೊಂಡಿವೆ. ಗಡಿಯಾಚೆ ಕನ್ನಡ ಮಾತನಾಡುವ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲೂ, ಆಂಧ್ರದ ರಾಯದುರ್ಗದ ಸುತ್ತಲೂ ಇದೇ ನೋಟ. ಇಷ್ಟು ಯಂತ್ರಗಳಲ್ಲಿ ಶೇ.1ರಷ್ಟು ವಿದ್ಯುತ್ ಸುಮ್ಮನೆ ಕೈತಪ್ಪಿದರೂ ಅದು ದೊಡ್ಡ ಮೊತ್ತವೇ.

ದಿಕ್ಕು ಹೇಳುವುದು ಒಂದು ಪುಟ್ಟ ಬಾಲ

ಕಣದಲ್ಲಿ ರಾಶಿ ತೂರುವ ರೈತ ಮೊದಲು ಒಂದು ಹಿಡಿ ಹೊಟ್ಟು ಮೇಲಿನಿಂದ ಬಿಟ್ಟು ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಾನೆ. ಆಮೇಲೆ ಅದಕ್ಕೆ ತಕ್ಕಂತೆ ನಿಲ್ಲುತ್ತಾನೆ. ಗಾಳಿ ಯಂತ್ರ ಮಾಡುವುದೂ ಅದನ್ನೇ.

ಕಂಬದ ತುದಿಯಲ್ಲಿ, ರೆಕ್ಕೆಗಳ ಹಿಂದೆ ಬಸ್ಸಿನಷ್ಟು ದೊಡ್ಡ ಪೆಟ್ಟಿಗೆಯೊಂದು ಇರುತ್ತದೆ. ಅದಕ್ಕೆ ನೆಸೆಲ್ ಎನ್ನುತ್ತಾರೆ. ಜನರೇಟರ್, ಗೇರ್‌ಬಾಕ್ಸ್ ಎಲ್ಲ ಅದರೊಳಗೇ. ಆ ಪೆಟ್ಟಿಗೆಯ ಚಾವಣಿಯ ಹಿಂಭಾಗದಲ್ಲಿ ಒಂದು ಪುಟ್ಟ ಕಂಬಿ, ಅದರ ಮೇಲೆ ಗಾಳಿಯ ವೇಗ ಅಳೆಯುವ ಉಪಕರಣ ಮತ್ತು ದಿಕ್ಕು ತೋರಿಸುವ ವಿಂಡ್ ವೇನ್. ವೇನ್ ಎಂದರೆ ಮೀನಿನ ಬಾಲದಂಥ ಒಂದು ತಗಡು, ಗಾಳಿ ಬಂದ ಕಡೆಗೆ ತಾನೇ ತಿರುಗುತ್ತದೆ. ಹೊಸ ಯಂತ್ರಗಳಲ್ಲಿ ತಿರುಗುವ ಭಾಗವೇ ಇಲ್ಲದ, ಶಬ್ದದ ಅಲೆಗಳಿಂದ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್‌ಗಳೂ ಇವೆ.

ಯಂತ್ರದ ಮೂತಿಗೂ ಗಾಳಿಗೂ ನಡುವೆ ಎಷ್ಟು ಡಿಗ್ರಿ ವ್ಯತ್ಯಾಸ ಇದೆ ಎಂದು ಈ ಸೆನ್ಸರ್ ಕಂಟ್ರೋಲರ್‌ಗೆ ಹೇಳುತ್ತದೆ. ವ್ಯತ್ಯಾಸ ಒಂದು ಮಿತಿ ದಾಟಿ, ಸ್ವಲ್ಪ ಹೊತ್ತು ಹಾಗೆಯೇ ಇದ್ದರೆ ಕಂಬದ ನೆತ್ತಿಯಲ್ಲಿರುವ ಮೋಟಾರುಗಳು ದೊಡ್ಡ ಹಲ್ಲಿನ ಬಳೆಯ ಮೇಲೆ ಇಡೀ ಪೆಟ್ಟಿಗೆಯನ್ನು, ರೆಕ್ಕೆಗಳ ಸಮೇತ, ನಿಧಾನವಾಗಿ ತಿರುಗಿಸುತ್ತವೆ. ಇದಕ್ಕೆ 'ಯಾ' ವ್ಯವಸ್ಥೆ ಎಂದು ಹೆಸರು. ನೂರು ಟನ್‌ಗೂ ಹೆಚ್ಚು ಭಾರ ತಿರುಗಬೇಕು, ಹಾಗಾಗಿ ಪ್ರತಿ ಗಾಳಿ ಬೀಸಿಗೂ ಅದು ಕುಣಿಯುವುದಿಲ್ಲ. ಕುಣಿದರೆ ಮೋಟಾರು, ಬ್ರೇಕು, ಹಲ್ಲುಗಳು ಬೇಗ ಸವೆದುಹೋಗುತ್ತವೆ. ಗಾಳಿ ಅತ್ತಿತ್ತ ಹೊರಳಿದಾಗ ಕ್ಷಣಕಾಲ ಓರೆಯಾಗುವುದು ಸಹಜ, ಅದನ್ನು ಯಾರೂ ತಪ್ಪು ಎನ್ನುವುದಿಲ್ಲ.

ಹಳೆಯ ಕಾಲದಲ್ಲಿ ಇದೆಲ್ಲ ಬೇಕಿರಲಿಲ್ಲ. ಬಾವಿಯಿಂದ ನೀರೆತ್ತುವ ಗಾಳಿಯಂತ್ರಗಳಿಗೆ ಹಿಂದೆ ದೊಡ್ಡ ಬಾಲವೇ ಇರುತ್ತಿತ್ತು, ಗಾಳಿಯೇ ಬಾಲವನ್ನು ತಳ್ಳಿ ಚಕ್ರವನ್ನು ಎದುರು ನಿಲ್ಲಿಸುತ್ತಿತ್ತು. ಇಂಗ್ಲೆಂಡಿನ ಎಡ್ಮಂಡ್ ಲೀ ಎಂಬಾತ 1745ರಲ್ಲೇ ಗಾಳಿಗಿರಣಿಯನ್ನು ತಾನಾಗಿ ಗಾಳಿಗೆ ತಿರುಗಿಸುವ ಸಣ್ಣ ಹಿಂಬದಿ ಫ್ಯಾನಿಗೆ ಪೇಟೆಂಟ್ ಪಡೆದಿದ್ದ. ಇಂದಿನ ಯಂತ್ರದ ಗಾತ್ರಕ್ಕೆ ಬಾಲ ಕಟ್ಟಲು ಸಾಧ್ಯವಿಲ್ಲ. ಆ ದೊಡ್ಡ ಬಾಲದ ಜಾಗದಲ್ಲಿ ಈಗ ಅಂಗೈ ಅಗಲದ ತಗಡು ಮತ್ತು ಒಂದು ಕಂಪ್ಯೂಟರ್. ತಗಡು ಹೇಳಿದ್ದನ್ನು ಕಂಪ್ಯೂಟರ್ ನಂಬಲೇಬೇಕು.

ಮುಳ್ಳೇ ಓರೆಯಾದ ತಕ್ಕಡಿ

ತೊಂದರೆ ಶುರುವಾಗುವುದು ಇಲ್ಲಿ. ಸೆನ್ಸರನ್ನು ಕೂರಿಸುವಾಗ ಅದರ 'ಸೊನ್ನೆ' ಗುರುತು ಯಂತ್ರದ ಮೂತಿಗೆ ನೇರವಾಗಿ ಇರಬೇಕು. ಅನೇಕ ಕಡೆ ಈ ಕೆಲಸ ನಡೆಯುವುದು ಕಣ್ಣಳತೆಯಲ್ಲಿ. 80-100 ಮೀಟರ್ ಎತ್ತರದಲ್ಲಿ, ಸುರಕ್ಷತಾ ಬೆಲ್ಟ್ ಕಟ್ಟಿಕೊಂಡು, ಗಾಳಿಯಲ್ಲಿ ನಿಂತು ತಂತ್ರಜ್ಞರು ಗುರುತಿಗೆ ಗುರುತು ಹೊಂದಿಸಿ ಬೋಲ್ಟ್ ಬಿಗಿಯುತ್ತಾರೆ. ಮುಷ್ಟಿಯಷ್ಟು ಅಗಲದ ಉಪಕರಣದಲ್ಲಿ ಐದು ಡಿಗ್ರಿ ಎಂದರೆ ಕೆಲವೇ ಮಿಲಿಮೀಟರ್. ಅಷ್ಟು ತಪ್ಪುವುದು ಯಾರ ನಿರ್ಲಕ್ಷ್ಯವೂ ಅಲ್ಲ.

ಮುಂದೆ ಸೆನ್ಸರ್ ಕೆಟ್ಟು ಬದಲಾಯಿಸಿದಾಗ, ಸಿಡಿಲು ಬಡಿದಾಗ, ರಿಪೇರಿಗೆ ಹೋದವರ ಕೈ ಅಥವಾ ಚೀಲ ತಗುಲಿದಾಗ, ವರ್ಷಗಟ್ಟಲೆ ನಡುಗಿ ಬೋಲ್ಟ್ ಸಡಿಲಾದಾಗ ಈ ಸೊನ್ನೆ ಮತ್ತೆ ಸರಿಯುತ್ತದೆ. ಒಂದರ ಜೊತೆಗೆ ಇನ್ನೊಂದು ಇರಲಿ ಎಂದು ಎರಡೆರಡು ಸೆನ್ಸರ್ ಹಾಕಿರುವ ಯಂತ್ರಗಳೂ ಇವೆ. ಎರಡನ್ನೂ ಒಂದೇ ತಪ್ಪು ಗುರುತಿಗೆ ಹೊಂದಿಸಿದ್ದರೆ ಎರಡೂ ಸೇರಿ ಒಂದೇ ಸುಳ್ಳು ಹೇಳುತ್ತವೆ.

ಸೆನ್ಸರ್ ಇರುವ ಜಾಗವೂ ಸರಿಯಿಲ್ಲ. ಅದು ಇರುವುದು ರೆಕ್ಕೆಗಳ ಹಿಂದೆ. ರೆಕ್ಕೆ ಒಂದು ಕಡೆಗೆ ತಿರುಗಿದರೆ ಹಿಂದೆ ಹೊರಬರುವ ಗಾಳಿ ಅದರ ವಿರುದ್ಧ ದಿಕ್ಕಿಗೆ ಸುಳಿಯಾಗಿ ಸುತ್ತುತ್ತದೆ. ಸೆನ್ಸರ್‌ಗೆ ಸಿಗುವುದು ಆ ಸುಳಿಗಾಳಿ, ಎದುರಿನಿಂದ ಬಂದ ಶುದ್ಧ ಗಾಳಿಯಲ್ಲ. ಯಂತ್ರ ತಯಾರಿಸುವ ಕಂಪನಿಗಳಿಗೆ ಇದು ಗೊತ್ತು, ಇಷ್ಟು ವೇಗಕ್ಕೆ ಇಷ್ಟು ಡಿಗ್ರಿ ಕಳೆಯಬೇಕು ಎಂಬ ತಿದ್ದುಪಡಿ ಪಟ್ಟಿಯನ್ನು ಸಾಫ್ಟ್‌ವೇರ್‌ನಲ್ಲೇ ಇಟ್ಟಿರುತ್ತಾರೆ. ಆದರೆ ಆ ಪಟ್ಟಿ ತಯಾರಾದದ್ದು ಬಹುತೇಕ ಸಮತಟ್ಟಾದ ಪರೀಕ್ಷಾ ಮೈದಾನದಲ್ಲಿ. ಜೋಗಿಮಟ್ಟಿಯಂಥ ಗುಡ್ಡದ ನೆತ್ತಿಯಲ್ಲಿ ಗಾಳಿ ಇಳಿಜಾರನ್ನು ಹತ್ತಿ ಕೆಳಗಿನಿಂದ ಮೇಲಕ್ಕೆ ನುಗ್ಗುತ್ತದೆ, ಎತ್ತರ ಬದಲಾದಂತೆ ದಿಕ್ಕೂ ಸ್ವಲ್ಪ ಬದಲಾಗುತ್ತದೆ. ಬಯಲಿನ ಲೆಕ್ಕ ಗುಡ್ಡಕ್ಕೆ ಪೂರ್ತಿ ಹೊಂದುವುದಿಲ್ಲ.

ಹಾಗಾದರೆ ಕಂಪ್ಯೂಟರ್ ದಾಖಲೆಯಲ್ಲಿ ಈ ತಪ್ಪು ಕಾಣುವುದಿಲ್ಲವೇ? ಕಾಣುವುದಿಲ್ಲ. ಕಂಟ್ರೋಲರ್‌ನ ಕೆಲಸವೇ ಸೆನ್ಸರ್ ಹೇಳುವ ವ್ಯತ್ಯಾಸವನ್ನು ಸೊನ್ನೆಗೆ ತರುವುದು. ಸೆನ್ಸರ್ ಎಂಟು ಡಿಗ್ರಿ ತಪ್ಪಾಗಿ ಕೂತಿದ್ದರೆ ಯಂತ್ರ ಎಂಟು ಡಿಗ್ರಿ ಓರೆಯಾಗಿ ನಿಂತ ಕ್ಷಣ ಅದು 'ಸೊನ್ನೆ' ಎನ್ನುತ್ತದೆ. ದಾಖಲೆಯಲ್ಲಿ ವರ್ಷವಿಡೀ ಸರಾಸರಿ ಸೊನ್ನೆ, ಎಲ್ಲವೂ ಅಚ್ಚುಕಟ್ಟು. ಮುಳ್ಳೇ ಓರೆಯಾದ ತಕ್ಕಡಿಯಲ್ಲಿ ಎಷ್ಟು ಸಲ ತೂಗಿದರೂ ತಕ್ಕಡಿ ತಪ್ಪಿದೆ ಎಂದು ಅದೇ ತಕ್ಕಡಿಯಿಂದ ತಿಳಿಯದು.

ಲೆಕ್ಕ ಹಾಕಿದರೆ ಎಷ್ಟು?

ಓರೆ ಹೆಚ್ಚಿದಂತೆ ನಷ್ಟ ಸಮನಾಗಿ ಏರುವುದಿಲ್ಲ, ಜಿಗಿಯುತ್ತಾ ಏರುತ್ತದೆ. ಪುಸ್ತಕದ ಸೂತ್ರದಂತೆ ವಿದ್ಯುತ್ ಕೋನದ ಕೊಸೈನ್‌ನ ಘನಕ್ಕೆ ಅನುಗುಣವಾಗಿ ಇಳಿಯಬೇಕು. ನಿಜವಾದ ಯಂತ್ರಗಳಲ್ಲಿ ಅಳೆದಾಗ ಅದು ಹಲವೆಡೆ ವರ್ಗದ ಹತ್ತಿರ ಇರುತ್ತದೆ. ಪಿಯುಸಿ ಗಣಿತ ಮರೆತವರಿಗೆ ನೇರ ಲೆಕ್ಕ ಹೀಗಿದೆ: 5 ಡಿಗ್ರಿ ಓರೆಯಾದರೆ ಸುಮಾರು ಶೇ.1 ನಷ್ಟ. 10 ಡಿಗ್ರಿಗೆ ಶೇ.3ರಿಂದ 4.5. 15 ಡಿಗ್ರಿಗೆ ಶೇ.7ರಿಂದ 10.

ಇದರಲ್ಲಿ ಒಂದು ವಿನಾಯಿತಿ ಇದೆ. ಗಾಳಿ ಜೋರಾಗಿ ಬೀಸಿ ಯಂತ್ರ ತನ್ನ ಪೂರ್ಣ ಸಾಮರ್ಥ್ಯ ಮುಟ್ಟಿದ ಮೇಲೆ ಹೆಚ್ಚುವರಿ ಗಾಳಿಯನ್ನು ಅದೇ ಬಿಟ್ಟುಬಿಡುತ್ತದೆ, ಆಗ ಸ್ವಲ್ಪ ಓರೆಯಾದರೂ ಉತ್ಪಾದನೆ ಕಡಿಮೆಯಾಗದು. ನಷ್ಟವೆಲ್ಲ ಮಧ್ಯಮ ವೇಗದ ಗಾಳಿಯಲ್ಲಿ. ನಮ್ಮ ಯಂತ್ರಗಳು ವರ್ಷದ ಹೆಚ್ಚಿನ ಗಂಟೆಗಳನ್ನು ಕಳೆಯುವುದು ಇದೇ ಮಧ್ಯಮ ಗಾಳಿಯಲ್ಲಿ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 2 ಮೆಗಾವ್ಯಾಟ್ ಯಂತ್ರವೊಂದು ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಶೇ.25ರಷ್ಟು ದುಡಿದರೆ 43.8 ಲಕ್ಷ ಯೂನಿಟ್ ಕೊಡುತ್ತದೆ. ಓರೆಯಿಂದ ವರ್ಷಕ್ಕೆ ಶೇ.2 ಹೋಯಿತು ಎಂದಿಟ್ಟುಕೊಂಡರೆ ನಷ್ಟ 87,600 ಯೂನಿಟ್. ತಿಂಗಳಿಗೆ 100 ಯೂನಿಟ್ ಬಳಸುವ 73 ಮನೆಗಳ ಇಡೀ ವರ್ಷದ ಕರೆಂಟ್ ಇದು. ಯೂನಿಟ್‌ಗೆ 3.50 ರೂ. ಹಿಡಿದರೆ ಮೂರು ಲಕ್ಷ ರೂಪಾಯಿಗೂ ಹೆಚ್ಚು. ಇಂಥ 50 ಯಂತ್ರಗಳಿರುವ 100 ಮೆಗಾವ್ಯಾಟ್ ಘಟಕದಲ್ಲಿ ಎಲ್ಲವೂ ಹೀಗೇ ಓರೆಯಾಗಿದ್ದರೆ ವರ್ಷಕ್ಕೆ ಒಂದೂವರೆ ಕೋಟಿ. ಎಲ್ಲವೂ ಓರೆಯಾಗಿರುವುದಿಲ್ಲ ಎಂಬುದು ನಿಜ, ಯಾವುದು ಓರೆ ಎಂದು ಹುಡುಕುವುದೇ ಕೆಲಸ.

ಹಣದ ಜೊತೆಗೆ ಯಂತ್ರದ ಆಯುಸ್ಸಿನ ಪ್ರಶ್ನೆಯೂ ಇದೆ. ಗಾಳಿ ಓರೆಯಾಗಿ ಬಡಿದಾಗ ರೆಕ್ಕೆ ಪ್ರತಿ ಸುತ್ತಿನಲ್ಲೂ ಒಮ್ಮೆ ಗಾಳಿಯ ಎದುರಿಗೆ, ಒಮ್ಮೆ ಗಾಳಿಯ ಜೊತೆಗೆ ಚಲಿಸುತ್ತದೆ. ಪ್ರತಿ ಸುತ್ತಿಗೂ ರೆಕ್ಕೆಯ ಬುಡ ಒಮ್ಮೆ ಬಾಗಿ ಒಮ್ಮೆ ಸಡಿಲಾಗುತ್ತದೆ. ನಿಮಿಷಕ್ಕೆ 15 ಸುತ್ತು ಎಂದರೂ ದಿನಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವುದು ಇದೇ ರೀತಿ. ಬೇರಿಂಗ್, ರೆಕ್ಕೆಯ ಬುಡ, ಯಾ ವ್ಯವಸ್ಥೆಯ ಹಲ್ಲುಗಳು ಇದರ ಹೊರೆ ಹೊರುತ್ತವೆ. ಕುತೂಹಲದ ಸಂಗತಿ ಎಂದರೆ ಎಡಕ್ಕೆ ಓರೆಯಾದ ಹೊರೆಯೂ ಬಲಕ್ಕೆ ಓರೆಯಾದ ಹೊರೆಯೂ ಒಂದೇ ಅಲ್ಲ. ಮೇಲೆ ಗಾಳಿ ಜೋರು, ಕೆಳಗೆ ನಿಧಾನ ಇರುವುದರಿಂದ ಒಂದು ಬದಿಯ ಓರೆ ಹೊರೆ ಹೆಚ್ಚಿಸಿದರೆ ಇನ್ನೊಂದು ಬದಿಯದು ತುಸು ಇಳಿಸಬಹುದು.

ಪತ್ತೆ ಮಾಡುವುದು ಹೇಗೆ?

ಯಂತ್ರದ ಸೆನ್ಸರ್ ತನ್ನ ತಪ್ಪನ್ನು ಹೇಳದು, ಆದ್ದರಿಂದ ಹೊರಗಿನ ಸಾಕ್ಷಿ ಬೇಕು. ಈಗ ಹೆಚ್ಚು ಬಳಕೆಯಲ್ಲಿರುವುದು ಲಿಡಾರ್. ನೆಸೆಲ್‌ನ ಚಾವಣಿಯ ಮೇಲೆ ಇಟ್ಟ ಈ ಪೆಟ್ಟಿಗೆ ರೆಕ್ಕೆಗಳ ಸಂದಿಯಿಂದ ಮುಂದಕ್ಕೆ, ಎಡಕ್ಕೊಂದು ಬಲಕ್ಕೊಂದು ಲೇಸರ್ ಕಿರಣ ಬಿಡುತ್ತದೆ. ಗಾಳಿಯಲ್ಲಿರುವ ಧೂಳಿನ ಕಣಗಳಿಗೆ ತಾಗಿ ಮರಳುವ ಬೆಳಕಿನಿಂದ ಆ ಕಣಗಳ ವೇಗ ತಿಳಿಯುತ್ತದೆ. ರಸ್ತೆಯಲ್ಲಿ ಪೊಲೀಸರು ಗಾಡಿಯ ವೇಗ ಅಳೆಯುವ ಗನ್ನಿನ ದೂರದ ಸಂಬಂಧಿ ಎನ್ನಬಹುದು. ಯಂತ್ರ ಗಾಳಿಗೆ ನೇರವಾಗಿದ್ದರೆ ಎರಡೂ ಕಿರಣ ಒಂದೇ ವೇಗ ತೋರಿಸುತ್ತವೆ. ಒಂದರಲ್ಲಿ ಹೆಚ್ಚು ಬಂದರೆ ಅಷ್ಟರಮಟ್ಟಿಗೆ ಓರೆ. ರೆಕ್ಕೆಗಳ ಮುಂದಿನ, ಇನ್ನೂ ಕದಡದ ಗಾಳಿಯನ್ನೇ ಅಳೆಯುವುದರಿಂದ ಈ ಸಾಕ್ಷಿ ನಂಬಲು ಯೋಗ್ಯ.

ಲಿಡಾರ್ ದುಬಾರಿ. ಹಾಗಾಗಿ ಯಂತ್ರಕ್ಕೊಂದು ಕೊಳ್ಳುವುದಿಲ್ಲ. ಒಂದನ್ನೇ ಕೆಲವು ವಾರ ಇಟ್ಟು, ಬಿಚ್ಚಿ, ಮುಂದಿನ ಯಂತ್ರಕ್ಕೆ ಒಯ್ಯುತ್ತಾರೆ. ಲಿಡಾರನ್ನು ಕೂರಿಸುವಾಗ ಅದೇ ಓರೆಯಾಗಿಬಿಟ್ಟರೆ ಏನು ಗತಿ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕಾಗಿಯೇ ಯಂತ್ರದ ಮುಖ್ಯ ಶಾಫ್ಟ್‌ನ ರೇಖೆಗೆ ಲಿಡಾರನ್ನು ಹೊಂದಿಸುವ ಕೆಲಸಕ್ಕೆ ಅಳತೆಯಷ್ಟೇ ಸಮಯ ಕೊಡಬೇಕಾಗುತ್ತದೆ.

ಡೆನ್ಮಾರ್ಕ್‌ನ ರಿಸೋ ಪ್ರಯೋಗಾಲಯದಲ್ಲಿ ರೂಪುಗೊಂಡ ಇನ್ನೊಂದು ವಿಧಾನದಲ್ಲಿ ಸೆನ್ಸರನ್ನು ಹಿಂಬದಿಯಿಂದ ಎತ್ತಿ ಮುಂದಕ್ಕೇ ತರುತ್ತಾರೆ. ರೆಕ್ಕೆಗಳು ಕೂಡುವ ಜಾಗದ ಮೂತಿಯ ಮೇಲೆ ಮೂರು ಶಬ್ದ ಸೆನ್ಸರ್‌ಗಳನ್ನು ಕೂರಿಸಿ, ಅವು ಮೂತಿಯ ಜೊತೆಗೇ ತಿರುಗುತ್ತಾ ಗಾಳಿಯ ಕೋನ ಅಳೆಯುತ್ತವೆ.

ಏನೂ ಕೊಳ್ಳದೆ, ಇರುವ ದಾಖಲೆಯಿಂದಲೇ ಹುಡುಕುವ ದಾರಿಯೂ ಇದೆ. ಪ್ರತಿ ಯಂತ್ರವೂ ಹತ್ತು ನಿಮಿಷಕ್ಕೊಮ್ಮೆ ಗಾಳಿ ವೇಗ, ವಿದ್ಯುತ್, ಸೆನ್ಸರ್ ಹೇಳಿದ ಕೋನ ಎಲ್ಲವನ್ನೂ ಬರೆದಿಡುತ್ತದೆ. ಗಾಳಿ ಹೊರಳುವುದರಿಂದ ಆ ಕೋನ ಸೊನ್ನೆಯ ಆಚೀಚೆ ಓಲಾಡುತ್ತಲೇ ಇರುತ್ತದೆ. ಒಂದೇ ವೇಗದ ಗಾಳಿಯಲ್ಲಿ ಯಾವ ಕೋನಕ್ಕೆ ಹೆಚ್ಚು ವಿದ್ಯುತ್ ಬಂತು ಎಂದು ತಿಂಗಳುಗಟ್ಟಲೆ ದಾಖಲೆಯನ್ನು ಜರಡಿ ಹಿಡಿಯುತ್ತಾರೆ. ಸೆನ್ಸರ್ ಸರಿ ಇದ್ದರೆ ಗರಿಷ್ಠ ವಿದ್ಯುತ್ ಸೊನ್ನೆಯಲ್ಲೇ ಸಿಗಬೇಕು. ಅದು ಆರು ಡಿಗ್ರಿಯಲ್ಲಿ ಸಿಗುತ್ತಿದ್ದರೆ ನಿಜವಾದ ಸೊನ್ನೆ ಅಲ್ಲಿದೆ ಎಂದರ್ಥ. ಖರ್ಚು ಕಡಿಮೆ, ಖಚಿತತೆಯೂ ಲಿಡಾರ್‌ಗಿಂತ ಕಡಿಮೆ. ನೂರಾರು ಯಂತ್ರಗಳಲ್ಲಿ ಅನುಮಾನ ಬರುವ ಹತ್ತಿಪ್ಪತ್ತನ್ನು ಇದರಿಂದ ಆರಿಸಿ, ಅವುಗಳ ಮೇಲೆ ಮಾತ್ರ ಲಿಡಾರ್ ಇಡುವುದು ಜಾಣತನ.

ತಿದ್ದುವುದು ಸುಲಭ, ತಪ್ಪುವುದು ಇನ್ನೂ ಸುಲಭ

ಓರೆ ಎಷ್ಟು ಎಂದು ತಿಳಿದ ಮೇಲೆ ಮಾಡಬೇಕಾದದ್ದು ಅಚ್ಚರಿಯಾಗುವಷ್ಟು ಸಣ್ಣದು. ಮೇಲೆ ಹತ್ತಿ ಸೆನ್ಸರನ್ನು ಅಷ್ಟು ಡಿಗ್ರಿ ತಿರುಗಿಸಿ ಬಿಗಿಯಬೇಕು, ಇಲ್ಲವೇ ಕಂಟ್ರೋಲರ್‌ನ ಸಾಫ್ಟ್‌ವೇರ್‌ನಲ್ಲಿ ಒಂದು ತಿದ್ದುಪಡಿ ಸಂಖ್ಯೆ ಹಾಕಬೇಕು. ಹೊಸ ಬಿಡಿಭಾಗ ಬೇಡ, ಕ್ರೇನ್ ಬೇಡ.

ಎಡವುವುದು ಪ್ಲಸ್-ಮೈನಸ್‌ನಲ್ಲಿ. ಆರು ಡಿಗ್ರಿ ಕಳೆಯಬೇಕಾದಲ್ಲಿ ಕೂಡಿಸಿದರೆ ಓರೆ ಹನ್ನೆರಡಾಗುತ್ತದೆ. ನಷ್ಟ ಶೇ.1ರ ಹತ್ತಿರ ಇದ್ದದ್ದು ಶೇ.4 ದಾಟುತ್ತದೆ. ಓರೆ ಎರಡು ಪಟ್ಟು, ನಷ್ಟ ನಾಲ್ಕು ಪಟ್ಟು. ಪರದೆ ಮಾತ್ರ ಮೊದಲಿನಂತೆ ಸೊನ್ನೆ ತೋರಿಸುತ್ತಲೇ ಇರುತ್ತದೆ! ಸೆನ್ಸರನ್ನೂ ತಿರುಗಿಸಿ, ಅದು ಗೊತ್ತಿಲ್ಲದೆ ಇನ್ನೊಬ್ಬರು ಸಾಫ್ಟ್‌ವೇರ್‌ನಲ್ಲೂ ಸಂಖ್ಯೆ ಹಾಕಿದರೆ ಅದೂ ಎಡವಟ್ಟೇ. ಮುಂದೆ ಸೆನ್ಸರ್ ಬದಲಾಯಿಸುವಾಗ ಹಳೆಯ ತಿದ್ದುಪಡಿ ಸಂಖ್ಯೆಯನ್ನು ತೆಗೆಯಲು ಮರೆತರೆ ಹೊಸ ಸೆನ್ಸರೂ ಮೊದಲ ದಿನದಿಂದಲೇ ಓರೆ. ಯಾವ ದಿನ, ಯಾವ ಯಂತ್ರಕ್ಕೆ, ಎಷ್ಟು ಡಿಗ್ರಿ ಎಂದು ಬರೆದಿಟ್ಟ ಒಂದು ಪುಸ್ತಕ ಇಲ್ಲಿ ಲಿಡಾರ್‌ನಷ್ಟೇ ಬೆಲೆಯುಳ್ಳದ್ದು.

ತಿದ್ದಿದ ಮೇಲೆ ಲಾಭ ಆಯಿತೇ ಎಂದು ನೋಡುವುದಕ್ಕೂ ಒಂದು ಕ್ರಮ ಬೇಕು. ಹೋದ ವರ್ಷಕ್ಕಿಂತ ಈ ವರ್ಷ ವಿದ್ಯುತ್ ಹೆಚ್ಚು ಬಂತು ಎಂದ ಮಾತ್ರಕ್ಕೆ ತಿದ್ದುಪಡಿ ಫಲ ಕೊಟ್ಟಿತು ಎನ್ನಲಾಗದು, ಈ ವರ್ಷ ಗಾಳಿಯೇ ಹೆಚ್ಚಿದ್ದಿರಬಹುದು. ತಿದ್ದಿದ ಯಂತ್ರವನ್ನು ಪಕ್ಕದ, ತಿದ್ದದ ಯಂತ್ರದ ಜೊತೆ ಹೋಲಿಸಬೇಕು. ಅಥವಾ ಒಂದು ದಿನ ತಿದ್ದುಪಡಿ ಹಾಕಿ, ಮರುದಿನ ತೆಗೆದು, ಹೀಗೆ ಕೆಲವು ವಾರ ಮಾಡಿ ನೋಡಬೇಕು. ಇಂಥ ಹೋಲಿಕೆ ಇಲ್ಲದೆ ಶೇ.5, ಶೇ.10 ಹೆಚ್ಚಳ ಎಂದು ಮಾರುವ ಮಾತುಗಳನ್ನು ಘಟಕದ ಮಾಲೀಕರು ಅನುಮಾನದಿಂದಲೇ ನೋಡುವುದು ಒಳ್ಳೆಯದು. ಸಾಮಾನ್ಯವಾಗಿ ಸಿಗುವುದು ಶೇ.1-2ರ ಆಸುಪಾಸು. ಹೆಚ್ಚುಕಡಿಮೆ ಖರ್ಚಿಲ್ಲದೆ ಬರುವ ಶೇ.1 ಕೂಡ ಈ ಉದ್ಯಮದಲ್ಲಿ ಕಡಿಮೆಯಲ್ಲ.

ಮುಂಗಾರಿಗೆ ಮೊದಲೇ ಯಾಕೆ?

'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ಪವನ ವಿದ್ಯುತ್ತಿಗೆ ಅಕ್ಷರಶಃ ಅನ್ವಯಿಸುತ್ತದೆ. ಕರ್ನಾಟಕದ ಯಂತ್ರಗಳು ವರ್ಷದ ಉತ್ಪಾದನೆಯ ಬಹುಪಾಲನ್ನು ದುಡಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರಿನ ಗಾಳಿಯಲ್ಲಿ. ಆ ನಾಲ್ಕು ತಿಂಗಳು ಓರೆಯಾಗಿ ನಿಂತರೆ ಉಳಿದ ಎಂಟು ತಿಂಗಳಲ್ಲಿ ಅದನ್ನು ತುಂಬಿಕೊಳ್ಳಲು ಆಗುವುದಿಲ್ಲ.

ಆದರೆ ಗಾಳಿ ಜೋರಾಗಿರುವಾಗ ನೆಸೆಲ್ ಚಾವಣಿಯ ಮೇಲೆ ಹತ್ತಿ ಕೆಲಸ ಮಾಡುವಂತಿಲ್ಲ. ಸುರಕ್ಷತೆಯ ನಿಯಮ ಬಿಡುವುದಿಲ್ಲ, ಯಂತ್ರ ನಿಲ್ಲಿಸಿದರೆ ಆ ಹೊತ್ತಿನ ಉತ್ಪಾದನೆಯೂ ಹೋಗುತ್ತದೆ. ಇತ್ತ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಹತ್ತಲು ಅನುಕೂಲ, ಆದರೆ ಅಳತೆ ಮಾಡಲು ಸಾಕಷ್ಟು ಗಾಳಿ ಇರುವುದಿಲ್ಲ. ಹಾಗಾಗಿ ಹಿಂದಿನ ಮುಂಗಾರಿನ ದಾಖಲೆಯನ್ನು ಚಳಿಗಾಲದಲ್ಲಿ ಜರಡಿ ಹಿಡಿದು, ಅನುಮಾನದ ಯಂತ್ರಗಳ ಪಟ್ಟಿ ಮಾಡಿ, ಏಪ್ರಿಲ್-ಮೇ ಒಳಗೆ ತಿದ್ದಿ ಮುಗಿಸುವುದು ನಮ್ಮ ಹವಾಮಾನಕ್ಕೆ ಹೊಂದುವ ಕ್ರಮ. ರಾಜ್ಯದ ಗುಡ್ಡಗಳಲ್ಲಿ ಎರಡು ದಶಕದ ಹಿಂದೆ ನಿಂತ ಸಣ್ಣ ಯಂತ್ರಗಳೂ ಇನ್ನೂ ತಿರುಗುತ್ತಿವೆ. ಅವುಗಳ ಸೆನ್ಸರ್ ಎಷ್ಟು ಸಲ ಬದಲಾಗಿದೆಯೋ ಅಷ್ಟು ಸಲ ಸೊನ್ನೆ ಸರಿದಿರುವ ಸಾಧ್ಯತೆ ಇದೆ, ಪರೀಕ್ಷೆ ಅಲ್ಲಿಂದ ಶುರುವಾಗಬೇಕು.

ಬೇಕೆಂದೇ ಓರೆ ನಿಲ್ಲಿಸುವವರೂ ಇದ್ದಾರೆ

ಇಷ್ಟೆಲ್ಲ ಕೇಳಿದ ಮೇಲೆ ಇದು ವಿರೋಧಾಭಾಸ ಅನ್ನಿಸಬಹುದು. ಮುಂದಿನ ಯಂತ್ರದ ಹಿಂದೆ ಹೊರಬರುವ ಗಾಳಿ ನಿಧಾನವಾಗಿ, ಕದಡಿಹೋಗಿರುತ್ತದೆ. ಅದೇ ಗಾಳಿ ಹಿಂದಿನ ಯಂತ್ರಕ್ಕೆ ಸಿಕ್ಕಿದರೆ ಅದರ ಉತ್ಪಾದನೆ ಕುಸಿಯುತ್ತದೆ. ಮುಂದಿನದನ್ನು ಬೇಕೆಂದೇ ಸ್ವಲ್ಪ ಓರೆ ತಿರುಗಿಸಿದರೆ ಆ ಕದಡಿದ ಗಾಳಿ ಪಕ್ಕಕ್ಕೆ ಸರಿಯುತ್ತದೆ. ಮುಂದಿನದು ಕಳೆದುಕೊಂಡದ್ದಕ್ಕಿಂತ ಹಿಂದಿನವು ಗಳಿಸುವುದು ಹೆಚ್ಚಾಗಬಹುದು.

ಅಮೆರಿಕದ ಎಂಐಟಿಯ ಮೈಕಲ್ ಹೌಲ್ಯಾಂಡ್ ಮತ್ತು ಸಂಗಡಿಗರು ಇದನ್ನು ವಾಯವ್ಯ ಭಾರತದ ಒಂದು ಪವನ ವಿದ್ಯುತ್ ಘಟಕದಲ್ಲೇ ಪ್ರಯೋಗಿಸಿ, 2022ರಲ್ಲಿ 'ನೇಚರ್ ಎನರ್ಜಿ' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಯೋಗಕ್ಕೆ ಒಳಪಟ್ಟ ಯಂತ್ರಗಳ ಒಟ್ಟು ಉತ್ಪಾದನೆ ಶೇ.1.2ರಷ್ಟು ಏರಿತು, ಸೆಕೆಂಡಿಗೆ 6ರಿಂದ 8 ಮೀಟರ್ ವೇಗದ ಗಾಳಿಯಲ್ಲಿ ಏರಿಕೆ ಶೇ.3ರಷ್ಟಿತ್ತು. ಸಾಲಾಗಿ, ಒತ್ತೊತ್ತಾಗಿ ಯಂತ್ರಗಳಿರುವ ನಮ್ಮ ಬಯಲು ಜಿಲ್ಲೆಗಳ ಘಟಕಗಳಿಗೂ ಇದು ಉಪಯೋಗಕ್ಕೆ ಬರಬಹುದಾದ ತಂತ್ರ. ಆದರೆ ಇದಕ್ಕೆ ಮೊದಲು ಸೆನ್ಸರ್‌ನ ಸೊನ್ನೆ ಸರಿಯಿರಬೇಕು. ಎಂಟು ಡಿಗ್ರಿ ತಪ್ಪಾಗಿ ಕೂತ ಸೆನ್ಸರ್ ಇರುವ ಯಂತ್ರಕ್ಕೆ ಹದಿನೈದು ಡಿಗ್ರಿ ಓರೆಯಾಗು ಎಂದು ಆಜ್ಞೆ ಕೊಟ್ಟರೆ ಅದು ನಿಜವಾಗಿ ನಿಲ್ಲುವುದು ಏಳು ಡಿಗ್ರಿಗೆ, ಇಲ್ಲವೇ ಇಪ್ಪತ್ಮೂರಕ್ಕೆ.